ಹಿರಿಯರ ಕೈಯಲ್ಲಿ ಗಾಡಿ: ಎಲ್ಲಿಯವರೆಗೆ?

ಕಲಬುರಗಿಯಿಂದ ವಿಜಯಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿಯು ಕಟ್ಟಿಸಂಗಾವಿಯ ಬಳಿ ಭೀಮಾ ನದಿಯನ್ನು ದಾಟಿ, ಜೇವರ್ಗಿಯನ್ನು ಹಾದು, ಪಶ್ಚಿಮಕ್ಕೆ ಸಿಂದಗಿಯತ್ತ ಸಾಗುತ್ತದೆ. ಜೇವರ್ಗಿ ಸಿಂದಗಿಗಳ ನಡುವೆ ಸಿಕ್ಕುವ ಊರುಗಳಲ್ಲಿ ನೆಲೋಗಿ ಒಂದು. 2004ರಿಂದ 2006ರವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎನ್. ಧರಂ ಸಿಂಗ್ ಅವರ ಹುಟ್ಟೂರೆಂದು ಈ ಹೆಸರನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ಊರಿನ ದಾರಿಯು ಹೆದ್ದಾರಿಯನ್ನು ಕೂಡುವ ಸ್ಥಳಕ್ಕೆ ಜನರು ನೆಲೋಗಿ ಕ್ರಾಸ್ ಎನ್ನುತ್ತಾರೆ.

ಸಂಜೆಯ ಹೊತ್ತು ಇಂತಹ ಒಂದು ಕ್ರಾಸಿನಲ್ಲಿ ಅರ್ಧ ಗಂಟೆ ನಿಂತು ನೋಡಿದರೆ ಸಾಕು, ನಮ್ಮ ಲೇಖನದ ವಿಷಯವು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಎರಡು ಕಡೆಯೂ ಕರಿಯ ಎರೆಭೂಮಿ, ತೊಗರಿ, ಹತ್ತಿ. ರಸ್ತೆಯ ಮೇಲೆ ಲಾರಿ, ಬಸ್ಸು, ಹತ್ತಿ ತುಂಬಿದ ಟ್ರ್ಯಾಕ್ಟರು. ಇವುಗಳ ನಡುವೆ ಧೋತರ, ರುಮಾಲಿನ ಹಿರಿಯರೊಬ್ಬರು ಮೊಪೆಡ್ಡಿನ ಮೇಲೆ ಕುಳಿತು, ಹಿಂದೆ ಒಂದು ಚೀಲವನ್ನು ಕಟ್ಟಿಕೊಂಡು, ಹೆದ್ದಾರಿಯನ್ನು ದಾಟಲು ಕಾಯುತ್ತಿರುತ್ತಾರೆ. ಆ ಸೀಮೆಯಲ್ಲಿ ಅಜ್ಜನಿಗೆ ‘ಮುತ್ಯಾ’ ಎನ್ನುವುದು ವಾಡಿಕೆ. ನಾವೂ ಅವರನ್ನು ಮುತ್ಯಾ ಎಂದೇ ಕರೆಯೋಣ. ವಯಸ್ಸು 72 ಎಂದಿಟ್ಟುಕೊಳ್ಳೋಣ.

ಮುತ್ಯಾ ಮನೆ ಸೇರಿದ ಮೇಲೆ ನಡೆಯುವ ಮಾತನ್ನು ಊಹಿಸುವುದು ಕಷ್ಟವಲ್ಲ. ಕಾಲೇಜಿನಲ್ಲಿ ಓದುವ ಮೊಮ್ಮಗನು ಹೇಳುತ್ತಾನೆ: “ಮುತ್ಯಾ, ಹೊತ್ತು ಮುಳುಗಿದ ಮ್ಯಾಲೆ ಇನ್ನ ನೀ ಗಾಡಿ ಹೊಡೀಬ್ಯಾಡ.” ಮುತ್ಯಾ ಸಿಟ್ಟಾಗುತ್ತಾರೆ: “ನಲವತ್ತು ವರ್ಷ ಹೊಡದೀನಿ, ಒಂದು ಕೋಳಿಗೂ ತಾಗ್ಸಿಲ್ಲ. ನಿನ್ನೆ ಮೊನ್ನೆ ಕಲ್ತ ನೀ ನನಗ ಹೇಳ್ತಿ?”

ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಹಿರಿಯರ ಅನುಭವ ಸುಳ್ಳಲ್ಲ, ಹುಡುಗನ ಅಂಜಿಕೆಯೂ ಸುಳ್ಳಲ್ಲ. ಸಿಟ್ಟಿನಿಂದಾಗಲಿ ಅಳುವಿನಿಂದಾಗಲಿ ತೀರದ ಈ ವ್ಯಾಜ್ಯವನ್ನು ಅಳತೆಯಿಂದ ತೀರಿಸಲು ಸಾಧ್ಯವೆ? ಮುಪ್ಪು ಬಂದಂತೆ ಗಾಡಿ ನಡೆಸುವ ಶಕ್ತಿಯಲ್ಲಿ ಯಾವುದು ಕುಂದುತ್ತದೆ, ಯಾವುದು ಉಳಿಯುತ್ತದೆ, ಕುಂದಿದ್ದರಲ್ಲಿ ಯಾವುದನ್ನು ಮರಳಿ ಪಡೆಯಬಹುದು? ಇವೇ ನಾವು ಇಲ್ಲಿ ವಿಚಾರಮಾಡಲಿರುವ ಪ್ರಶ್ನೆಗಳು.

ಕಾನೂನಿನ ಮಾತು

ಸಾರಿಗೆ ನಿಗಮದ ಬಸ್ಸಿನ ಚಾಲಕನು 60ನೆಯ ವಯಸ್ಸಿಗೆ ನಿವೃತ್ತನಾಗುತ್ತಾನೆ. ಆದರೆ ಮಾರನೆಯ ದಿನ ಅವನು ತನ್ನ ಸ್ವಂತ ಜೀಪನ್ನು ನಡೆಸಿದರೆ ಅಡ್ಡಿ ಮಾಡುವವರಿಲ್ಲ. ಏಕೆಂದರೆ ಸ್ವಂತ ವಾಹನವನ್ನು ನಡೆಸುವವರಿಗೆ ನಮ್ಮ ದೇಶದ ಕಾನೂನು ಗರಿಷ್ಠ ವಯಸ್ಸನ್ನು ಗೊತ್ತುಪಡಿಸಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯು 2019ರಲ್ಲಿ ತಿದ್ದುಪಡಿಯಾದ ಮೇಲೆ, 50 ತುಂಬಿ 55 ಆಗದವರ ಲೈಸೆನ್ಸು ಅವರಿಗೆ 60 ಆಗುವವರೆಗೆ ನಡೆಯುತ್ತದೆ; 55 ದಾಟಿದವರು ಐದೈದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಿಕೊಳ್ಳಬೇಕು. ಅವಧಿ ಮುಗಿದು ಒಂದು ವರ್ಷವೂ ಕಳೆದುಹೋದರೆ ಮತ್ತೆ ಚಾಲನೆಯ ಪರೀಕ್ಷೆಯನ್ನು ಕೊಡಬೇಕಾಗುತ್ತದೆ.

ಲೈಸೆನ್ಸಿಗಾಗಿ ಅರ್ಜಿದಾರನು ತುಂಬಿಕೊಡುವ ದೇಹಸ್ಥಿತಿಯ ಹೇಳಿಕೆಯಲ್ಲಿ ಕೆಲವು ಪ್ರಶ್ನೆಗಳಿವೆ. ಒಳ್ಳೆಯ ಹಗಲು ಬೆಳಕಿನಲ್ಲಿ, ಬೇಕಾದರೆ ಕನ್ನಡಕವನ್ನು ಹಾಕಿಕೊಂಡು, 25 ಮೀಟರು ದೂರದಲ್ಲಿರುವ ಕಾರಿನ ನಂಬರು ಫಲಕವನ್ನು ಗುರುತಿಸಬಲ್ಲಿರಾ? ಕೆಂಪು ಹಸುರು ಬಣ್ಣಗಳ ಭೇದ ತಿಳಿಯುತ್ತದೆಯೆ? ಇರುಳುಗುರುಡು ಇದೆಯೆ? ಸಾಮಾನ್ಯವಾದ ಹಾರನ್ನಿನ ಶಬ್ದ ಕೇಳಿಸುತ್ತದೆಯೆ? ಮೂರ್ಛೆ, ತಲೆಸುತ್ತು ಬರುವುದುಂಟೆ? ಪ್ರಶ್ನೆಗಳೆಲ್ಲವೂ ಸರಿಯಾದವೇ. ಆದರೆ ಎಪ್ಪತ್ತು ದಾಟಿದ ಕಣ್ಣಿಗೆ ಐದು ವರ್ಷವೆಂದರೆ ದೀರ್ಘವಾದ ಕಾಲ. ಮೇಲಾಗಿ ಫಲಕವನ್ನು ಓದಬೇಕಾದುದು ಒಳ್ಳೆಯ ಬೆಳಕಿನಲ್ಲಿ. ಮುತ್ಯಾ ತೊಂದರೆಗೆ ಸಿಕ್ಕುವುದಾದರೋ ಮುಸ್ಸಂಜೆಯಲ್ಲಿ. ಆದುದರಿಂದ ಲೈಸೆನ್ಸು ಜೇಬಿನಲ್ಲಿದೆ ಎಂಬುದು ಗಾಡಿ ನಡೆಸುವ ಅಧಿಕಾರಕ್ಕೆ ಸಾಕ್ಷಿಯೇ ಹೊರತು ಶಕ್ತಿಗೆ ಸಾಕ್ಷಿಯಲ್ಲ.

ಕಣ್ಣಿನೊಳಗೆ ಇಳಿಯುವ ಸಂಜೆ

ಗಾಡಿ ನಡೆಸುವವನಿಗೆ ಬೇಕಾದ ಸಮಾಚಾರದಲ್ಲಿ ಬಹುಪಾಲು ಕಣ್ಣಿನ ಮೂಲಕವೇ ಬರುತ್ತದೆ. ಕಣ್ಣನ್ನು ಒಂದು ಕೋಣೆಗೆ ಹೋಲಿಸಬಹುದು. ಪಾಪೆಯು ಅದರ ಕಿಟಕಿ, ಮಸೂರವು ಕಿಟಕಿಯ ಗಾಜು, ಅಕ್ಷಿಪಟವು ಬೆಳಕು ಬೀಳುವ ಹಿಂದಿನ ಗೋಡೆ. ವಯಸ್ಸಾದಂತೆ ಈ ಕಿಟಕಿ ಚಿಕ್ಕದಾಗುತ್ತದೆ, ಗಾಜೂ ಮಾಸುತ್ತದೆ.

ಕತ್ತಲಿನಲ್ಲಿ ಇಪ್ಪತ್ತರ ತರುಣನ ಪಾಪೆಯು ಸುಮಾರು 7 ಮಿಲಿಮೀಟರು ಅಗಲಕ್ಕೆ ತೆರೆದುಕೊಳ್ಳುತ್ತದೆ. ಎಪ್ಪತ್ತರ ಹಿರಿಯರದು 5 ಮಿಲಿಮೀಟರು ತೆರೆದರೆ ಹೆಚ್ಚು. ವ್ಯತ್ಯಾಸವು ಅಲ್ಪವೆಂದು ತೋರಬಹುದು. ಆದರೆ ಒಳಗೆ ಬರುವ ಬೆಳಕು ಅಗಲವನ್ನಲ್ಲ, ವಿಸ್ತೀರ್ಣವನ್ನು ಅನುಸರಿಸುತ್ತದೆ. 7ರ ವರ್ಗ 49, 5ರ ವರ್ಗ 25. ಅಂದರೆ ಕಿಟಕಿಯಲ್ಲಿಯೇ ಅರ್ಧದಷ್ಟು ಬೆಳಕು ಖೋತಾ ಆಯಿತು. ಉಳಿದುದರಲ್ಲಿ ಇನ್ನೊಂದು ಪಾಲನ್ನು ಹಳದಿಗಟ್ಟಿದ ಮಸೂರವು ನುಂಗುತ್ತದೆ. ಬ್ರಿಟನ್ನಿನ ದೃಷ್ಟಿವಿಜ್ಞಾನಿ ರಾಬರ್ಟ್ ವೀಲ್ ಅವರು 1961ರಲ್ಲಿ ಮಾಡಿದ ಲೆಕ್ಕದ ಪ್ರಕಾರ, 20ರ ಕಣ್ಣಿನ ಅಕ್ಷಿಪಟಕ್ಕೆ ತಲುಪುವ ಬೆಳಕಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ 60ರ ಕಣ್ಣಿನ ಅಕ್ಷಿಪಟಕ್ಕೆ ತಲುಪುತ್ತದೆ. ಮೊಮ್ಮಗನಿಗೆ ಇನ್ನೂ ಬೆಳಕಿರುವಾಗಲೇ ಮುತ್ಯಾನ ಕಣ್ಣಿನೊಳಗೆ ಕತ್ತಲಾಗಿರುತ್ತದೆ.

ಬೆಳಕು ಕಡಮೆಯಾದುದು ಒಂದು ತೊಂದರೆ. ಬೆಳಕು ಚೆದರುವುದು ಅದಕ್ಕಿಂತ ದೊಡ್ಡ ತೊಂದರೆ. ಧೂಳು ಹಿಡಿದ ಗಾಜಿನ ಮೂಲಕ ಎದುರು ಲಾರಿಯ ದೀಪವನ್ನು ನೋಡಿದವರಿಗೆ ಇದರ ಅನುಭವವಿದ್ದೇ ಇದೆ. ಗಾಜು ತುಂಬ ಬೆಳ್ಳಗಿನ ಮಂಜು ಕವಿದಂತಾಗಿ, ಆಚೆಯ ರಸ್ತೆಯೇ ಕಾಣದಾಗುತ್ತದೆ. ಪೊರೆ ಬೆಳೆಯುತ್ತಿರುವ ಕಣ್ಣಿನಲ್ಲಿ ಈ ಧೂಳು ಮಸೂರದೊಳಗೇ ಇರುತ್ತದೆ. ಬಟ್ಟೆಯಿಂದ ಒರಸಿ ತೆಗೆಯುವಂತಿಲ್ಲ. ಅಷ್ಟೇ ಅಲ್ಲದೆ, ದೀಪವು ಹಾದುಹೋದ ಮೇಲೆ ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಹಿರಿಯರಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಗಾಡಿಯು ಕುರುಡಾಗಿಯೇ ಮುಂದೆ ಓಡುತ್ತಿರುತ್ತದೆ.

ನೆಲೋಗಿಯವರಿಗೆ ಇದರ ಜೊತೆಗೆ ಇನ್ನೊಂದು ತೊಡಕು ಉಂಟು. ಅಲ್ಲಿಂದ ಜೇವರ್ಗಿ ಇರುವುದು ಪೂರ್ವಕ್ಕೆ. ಬೆಳಗ್ಗೆ ಆಸ್ಪತ್ರೆಗೋ ಬಜಾರಿಗೋ ಹೊರಟವರಿಗೆ ಏರುವ ಸೂರ್ಯನು ಎದುರಿಗೆ; ಸಂಜೆ ಮರಳುವವರಿಗೆ ಇಳಿಯುವ ಸೂರ್ಯನೂ ಎದುರಿಗೇ. ಹೀಗೆ ಎದುರಿಗೆ ಬರುವ ಸೂರ್ಯನು ಬಡವ ಬಲ್ಲಿದನೆಂಬ ಭೇದವನ್ನು ಎಣಿಸುವುದಿಲ್ಲ. 2019ರ ಜನವರಿ 17ರಂದು ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ ಅವರ ಪತಿ ಫಿಲಿಪ್, ತಮ್ಮ 97ನೆಯ ವಯಸ್ಸಿನಲ್ಲಿ, ಸ್ಯಾಂಡ್ರಿಂಗ್‌ಹ್ಯಾಮ್ ಅರಮನೆಯ ಬಳಿ ಅಡ್ಡದಾರಿಯಿಂದ ಹೆದ್ದಾರಿಗೆ ತಾವೇ ಕಾರನ್ನು ತಂದಾಗ ಇನ್ನೊಂದು ಕಾರಿಗೆ ಡಿಕ್ಕಿಯಾಯಿತು. ಅವರ ಕಾರು ಮಗುಚಿಬಿತ್ತು. ಇನ್ನೊಂದು ಕಾರಿನಲ್ಲಿದ್ದ ಇಬ್ಬರು ಹೆಂಗಸರಿಗೆ ಗಾಯಗಳಾದುವು. ಅದೇ ಕಾರಿನಲ್ಲಿದ್ದ ಕೂಸು ಪಾರಾಯಿತು. ಕೆಳಗಿಳಿದಿದ್ದ ಸೂರ್ಯನ ಪ್ರಖರತೆಯಿಂದ ಕಣ್ಣು ಕೋರೈಸಿತೆಂದು ಅವರು ಹೇಳಿದರು. ಮುಂದಿನ ತಿಂಗಳೇ ಅವರು ತಮ್ಮ ಲೈಸೆನ್ಸನ್ನು ತಾವಾಗಿ ಮರಳಿಸಿದರು.

ನೋಡುವುದೂ ಗಮನಿಸುವುದೂ ಒಂದೇ ಅಲ್ಲ

ಕಣ್ಣಿನ ವೈದ್ಯರ ಅಕ್ಷರಫಲಕವನ್ನು ಕೊನೆಯ ಸಾಲಿನವರೆಗೂ ಓದಿದವರು ರಸ್ತೆಯಲ್ಲಿ ಎಲ್ಲವನ್ನೂ ಕಾಣುತ್ತಾರೆಂದು ಹೇಳುವಂತಿಲ್ಲ. ಫಲಕವನ್ನು ಓದುವಾಗ ನಾವು ಒಂದೇ ಕಡೆಗೆ, ಬೇಕಾದಷ್ಟು ಹೊತ್ತು ನೋಡುತ್ತೇವೆ. ರಸ್ತೆಯಲ್ಲಿಯಾದರೆ ನೋಟವು ಮುಂದಿನ ಲಾರಿಯ ಮೇಲಿದ್ದಾಗಲೇ ಎಡಗಡೆಯಿಂದ ಓಡಿಬರುವ ಕುರಿಮರಿಯನ್ನೂ ಮನಸ್ಸು ಹಿಡಿಯಬೇಕು. ಕಣ್ಣನ್ನು ಹೊರಳಿಸದೆ, ಒಂದೇ ಕ್ಷಣದಲ್ಲಿ ನಮ್ಮ ಗಮನಕ್ಕೆ ಸಿಕ್ಕುವ ಪ್ರದೇಶವನ್ನು ‘ಉಪಯುಕ್ತ ದೃಷ್ಟಿಕ್ಷೇತ್ರ’ ಎನ್ನಬಹುದು. ಕಣ್ಣು ನಿರೋಗಿಯಾಗಿದ್ದರೂ ಮುಪ್ಪಿನಲ್ಲಿ ಕೆಲವರಿಗೆ ಈ ಕ್ಷೇತ್ರವು ಕುಗ್ಗುತ್ತದೆ. ಕುಗ್ಗುವುದು ಮಿದುಳಿನ ಗಮನಶಕ್ತಿ, ಕಣ್ಣಿನದಲ್ಲ.

ಅಮೆರಿಕದ ಕಾರ್ಲೀನ್ ಬಾಲ್, ಸಿಂಥಿಯಾ ಔಸ್ಲಿ ಮತ್ತು ಅವರ ಸಂಗಡಿಗರು 1993ರಲ್ಲಿ ಪ್ರಕಟಿಸಿದ ಸಂಶೋಧನೆಯು ಈ ವಿಷಯದಲ್ಲಿ ಹೆಸರಾದುದು. ಹಿರಿಯ ಚಾಲಕರನ್ನು ಪರೀಕ್ಷಿಸಿ, ಹಿಂದಿನ ಐದು ವರ್ಷಗಳಲ್ಲಿ ಅವರಿಗಾದ ಅಪಘಾತಗಳೊಡನೆ ಹೋಲಿಸಿದಾಗ, ಉಪಯುಕ್ತ ದೃಷ್ಟಿಕ್ಷೇತ್ರವು ಬಹಳವಾಗಿ ಕುಗ್ಗಿದವರು ಅಪಘಾತಕ್ಕೆ ಸಿಕ್ಕಿರುವ ಸಂಭವವು ಇತರರಿಗಿಂತ ಆರು ಪಟ್ಟು ಹೆಚ್ಚೆಂದು ತಿಳಿದುಬಂದಿತು. ಹಿರಿಯರ ಅಪಘಾತಗಳು ನೇರ ರಸ್ತೆಗಿಂತ ಕೂಡುದಾರಿಗಳಲ್ಲಿ ಏಕೆ ಹೆಚ್ಚೆಂಬುದಕ್ಕೆ ಇದೊಂದು ಉತ್ತರ. ಕೂಡುದಾರಿಯಲ್ಲಿ ಅಪಾಯವು ಎದುರಿನಿಂದ ಬರುವುದಿಲ್ಲ, ಪಕ್ಕದಿಂದ ಬರುತ್ತದೆ. ಅದರ ಮೇಲೆ ಕುತ್ತಿಗೆಯೂ ಬಿಗಿದಿದ್ದರೆ, ಪಕ್ಕಕ್ಕೆ ತಿರುಗಿ ನೋಡುವುದೂ ಅರ್ಧಕ್ಕೇ ನಿಲ್ಲುತ್ತದೆ.

ಒಂದು ಸೆಕೆಂಡಿನ ಬೆಲೆ

ವಾಚಕರು ಮನೆಯಲ್ಲಿಯೇ ಒಂದು ಸಣ್ಣ ಪ್ರಯೋಗವನ್ನು ಮಾಡಬಹುದು. 30 ಸೆಂಟಿಮೀಟರಿನ ಒಂದು ಅಳತೆಪಟ್ಟಿಯನ್ನು ಮೇಲ್ತುದಿಯಲ್ಲಿ ಹಿಡಿದು ನೇರವಾಗಿ ತೂಗಬಿಡಿ. ಇನ್ನೊಬ್ಬರು ಅದರ ಕೆಳತುದಿಯ ಎರಡು ಕಡೆ ಹೆಬ್ಬೆರಳನ್ನೂ ತೋರುಬೆರಳನ್ನೂ ತಾಗದಂತೆ ಒಡ್ಡಿರಲಿ. ಸೂಚನೆ ಕೊಡದೆ ಪಟ್ಟಿಯನ್ನು ಬಿಟ್ಟು, ಅವರು ಅದನ್ನು ಎಷ್ಟನೆಯ ಸೆಂಟಿಮೀಟರಿನಲ್ಲಿ ಹಿಡಿದರೆಂದು ನೋಡಿ. ಬೀಳುವ ವಸ್ತುವಿನ ನಿಯಮದಂತೆ, 20 ಸೆಂಟಿಮೀಟರು ಬೀಳಲು ಸೆಕೆಂಡಿನ 0.20 ಪಾಲು, 30 ಸೆಂಟಿಮೀಟರು ಬೀಳಲು 0.25 ಪಾಲು ಬೇಕು. ಮೊಮ್ಮಗ 20ರಲ್ಲಿ, ಮುತ್ಯಾ 30ರಲ್ಲಿ ಹಿಡಿದರೆ ವ್ಯತ್ಯಾಸವು ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲು. ಇದೇನು ಮಹಾ ಎನಿಸುತ್ತದೆ, ನಿಜವೂ ಹೌದು.

ಈಗ ಎರಡು ಪಟ್ಟಿಗಳನ್ನು ತೆಗೆದುಕೊಂಡು, ಎರಡು ಕೈಗಳಿಗೂ ಒಂದೊಂದನ್ನು ಒಡ್ಡಿ, ಯಾವುದಾದರೂ ಒಂದನ್ನು ಮಾತ್ರ ಬಿಡಿ. ಬಿಟ್ಟದ್ದನ್ನು ಮಾತ್ರ ಹಿಡಿಯಬೇಕು, ಇನ್ನೊಂದು ಕೈ ಅಲುಗಬಾರದು. ಈಗ ಎಲ್ಲರೂ ನಿಧಾನವಾಗುತ್ತಾರೆ. ಹಿರಿಯರು ಸಾಮಾನ್ಯವಾಗಿ ಇನ್ನೂ ಹೆಚ್ಚು ನಿಧಾನವಾಗುತ್ತಾರೆ. ಮುಪ್ಪು ಸ್ನಾಯುವನ್ನು ನಿಧಾನ ಮಾಡುವುದಕ್ಕಿಂತ ಆಯ್ಕೆಯನ್ನು ಹೆಚ್ಚು ನಿಧಾನ ಮಾಡುತ್ತದೆಂಬುದು ಇದರಿಂದ ತಿಳಿಯುತ್ತದೆ. ಗಾಡಿ ನಡೆಸುವುದಕ್ಕೆ ಯೋಗ್ಯರೋ ಅಲ್ಲವೋ ಎಂಬುದನ್ನು ಈ ಆಟದಿಂದ ನಿರ್ಣಯಿಸಬಾರದು. ಆದರೆ ರಸ್ತೆಯೆಂದರೆ ಬಿಡುವಿಲ್ಲದ ಆಯ್ಕೆ ಎಂಬುದನ್ನು ಇದು ಮನಗಾಣಿಸುತ್ತದೆ.

ಇದನ್ನು ರಸ್ತೆಯ ಮೇಲಿನ ಲೆಕ್ಕಕ್ಕೆ ತರೋಣ. 2025ರ ಏಪ್ರಿಲ್ 5ರ ನಸುಕಿನಲ್ಲಿ ನೆಲೋಗಿ ಕ್ರಾಸಿನ ಬಳಿ ನಿಂತಿದ್ದ ಲಾರಿಗೆ ವ್ಯಾನೊಂದು ಬಡಿದು ಐವರು ಮಡಿದರು. ಆ ದುರಂತಕ್ಕೂ ಚಾಲಕನ ವಯಸ್ಸಿಗೂ ನಾವು ಯಾವ ಸಂಬಂಧವನ್ನೂ ಕಲ್ಪಿಸುತ್ತಿಲ್ಲ. ಕತ್ತಲಿನ ಹೆದ್ದಾರಿಯಲ್ಲಿ ನಿಂತ ವಾಹನವೊಂದು ಯಾರಿಗಾದರೂ ಎಷ್ಟು ಭಯಂಕರವಾಗಬಲ್ಲುದೆಂಬುದನ್ನು ನೆನಪಿಸುತ್ತೇವೆ, ಅಷ್ಟೆ.

ತಗ್ಗಿಸಿದ ದೀಪದಲ್ಲಿ 50 ಮೀಟರು ದೂರದ ವಸ್ತು ಕಾಣುತ್ತದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 60 ಕಿಲೋಮೀಟರು ವೇಗದ ಗಾಡಿಯು ಸೆಕೆಂಡಿಗೆ ಸುಮಾರು 16.7 ಮೀಟರು ಓಡುತ್ತದೆ. ಕಂಡು, ತಿಳಿದು, ಬ್ರೇಕಿನ ಮೇಲೆ ಕಾಲಿಡಲು ತರುಣನಿಗೆ ಒಂದೂವರೆ ಸೆಕೆಂಡು ಬೇಕೆಂದರೆ, ಅಷ್ಟರಲ್ಲಿ ಗಾಡಿ 25 ಮೀಟರು ಹೋಗಿರುತ್ತದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ ಬ್ರೇಕು ಹಿಡಿದು ನಿಲ್ಲಲು ಇನ್ನು 20 ಮೀಟರು. ಒಟ್ಟು 45: ಲಾರಿಗೆ 5 ಮೀಟರು ಇರುವಾಗ ಗಾಡಿ ನಿಂತಿತು. ಹಿರಿಯರಿಗೆ ಇನ್ನೊಂದೇ ಸೆಕೆಂಡು ಹೆಚ್ಚಿಗೆ ಬೇಕಾಯಿತೆನ್ನೋಣ. ಎರಡೂವರೆ ಸೆಕೆಂಡಿನಲ್ಲಿ 42 ಮೀಟರು, ಬ್ರೇಕಿಗೆ 20, ಒಟ್ಟು 62. ಲಾರಿ ಇರುವುದು 50ರಲ್ಲಿ!

ಆದರೆ ಲೆಕ್ಕವು ಇಲ್ಲಿಗೇ ಮುಗಿಯುವುದಿಲ್ಲ. ಅದೇ ಹಿರಿಯರು ಗಂಟೆಗೆ 40 ಕಿಲೋಮೀಟರಿನಲ್ಲಿ ಬರುತ್ತಿದ್ದರೆ? ಎರಡೂವರೆ ಸೆಕೆಂಡಿನಲ್ಲಿ 28 ಮೀಟರು, ಬ್ರೇಕಿಗೆ 9, ಒಟ್ಟು 37. ಅರವತ್ತರ ವೇಗದಲ್ಲಿ ಬರುವ ತರುಣನಿಗಿಂತ ಮುಂಚೆಯೇ ಅವರು ನಿಂತಾಗಿದೆ. ಇದೇ ಹಿರಿಯರ ಅನುಭವದ ಗುಟ್ಟು. ತಮಗೆ ತಿಳಿಯದೆಯೇ ಅವರು ವೇಗವನ್ನು ಇಳಿಸಿ, ಮುಂದಿನ ಗಾಡಿಗೆ ಅಂತರವನ್ನು ಬಿಟ್ಟು, ಕಳೆದುಕೊಂಡ ಸೆಕೆಂಡನ್ನು ಮರಳಿ ಗಳಿಸಿಕೊಳ್ಳುತ್ತಾರೆ. “ಒಂದು ಕೋಳಿಗೂ ತಾಗ್ಸಿಲ್ಲ” ಎಂಬ ಮಾತು ಹೀಗೆ ನಿಜವಾಗಿರುತ್ತದೆ.

ಆದರೆ ಹೆದ್ದಾರಿಯನ್ನು ದಾಟುವಾಗ ಈ ಗುಟ್ಟು ನಡೆಯದು. ಅಲ್ಲಿ ವೇಗವನ್ನು ಗೊತ್ತುಮಾಡುವವರು ಬೇರೆಯವರು. ಗಂಟೆಗೆ 80 ಕಿಲೋಮೀಟರಿನಲ್ಲಿ ಬರುವ ಕಾರು 150 ಮೀಟರು ದೂರದಲ್ಲಿ ಕಂಡಿತೆಂದರೆ, ಅದು ಬಂದು ಮುಟ್ಟಲು ಏಳು ಸೆಕೆಂಡೂ ಬೇಡ. ನಿರ್ಧರಿಸಿ ಹೊರಡಲು ಎರಡು ಮೂರು ಸೆಕೆಂಡು, ಮೊಪೆಡ್ಡು ರಸ್ತೆಯನ್ನು ದಾಟಲು ಐದು ಸೆಕೆಂಡು ಎಂದರೆ ಲೆಕ್ಕ ತಪ್ಪಿಹೋಯಿತು. ಹಿರಿಯರು ಇಂತಹ ಸಮಯದಲ್ಲಿ ಬರುವ ವಾಹನದ ವೇಗಕ್ಕಿಂತ ಅದರ ದೂರವನ್ನೇ ಹೆಚ್ಚಾಗಿ ನಂಬುತ್ತಾರೆಂದು ಪ್ರಯೋಗಗಳು ತೋರಿಸಿವೆ. ಎತ್ತಿನ ಗಾಡಿಯೂ ಬಸ್ಸೂ ಓಡಾಡುತ್ತಿದ್ದ ರಸ್ತೆಯಲ್ಲಿ ಕಲಿತ ಅಂದಾಜು ಇಂದಿನ ಹೆದ್ದಾರಿಯಲ್ಲಿ ಮೋಸಮಾಡುತ್ತದೆ.

ಯಾರಿಗೆ ಅಪಾಯ?

ಇಷ್ಟನ್ನು ಓದಿದ ತರುಣ ವಾಚಕರು ಹಿರಿಯರೇ ರಸ್ತೆಯ ಶತ್ರುಗಳೆಂದು ತಿಳಿದರೆ ದೊಡ್ಡ ತಪ್ಪಾದೀತು. ನಮ್ಮ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಿಂದ 1,68,491 ಜನರು ಸತ್ತರು. ಅವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ 18ರಿಂದ 45 ವಯಸ್ಸಿನೊಳಗಿನವರು. ನೂರಕ್ಕೆ 44ರಷ್ಟು ಜನ ದ್ವಿಚಕ್ರವಾಹನದಲ್ಲಿದ್ದವರು. ಮಿತಿಮೀರಿದ ವೇಗ, ಕುಡಿತ, ಹೆಲ್ಮೆಟ್ಟಿಲ್ಲದ ತಲೆ, ಇವು ಹೆಚ್ಚಾಗಿ ತಾರುಣ್ಯದ ಕಾಯಿಲೆಗಳು.

ಮುಪ್ಪಿನ ಅಪಾಯವು ಬೇರೆ ಬಗೆಯದು. ಒಂದೇ ಬಗೆಯ ಪೆಟ್ಟಿಗೆ ತರುಣನು ಮೂಳೆ ಮುರಿದುಕೊಂಡು ಎರಡು ತಿಂಗಳಲ್ಲಿ ಎದ್ದರೆ, ಹಿರಿಯರು ಏಳದೆಯೇ ಹೋಗಬಹುದು. ಕಾರು ನಡೆಸುವ ಹಿರಿಯರು ಓಡಿಸಿದ ದೂರಕ್ಕೆ ಹೋಲಿಸಿದರೆ ಹೆಚ್ಚಾಗಿ ಸಾಯುವುದಕ್ಕೆ ಮುಖ್ಯ ಕಾರಣವು ಹೆಚ್ಚಿನ ಡಿಕ್ಕಿಗಳಿಗಿಂತ ದೇಹದ ದುರ್ಬಲತೆಯೇ ಎಂದು ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನವು ತೋರಿಸಿತು. ಕಬ್ಬಿಣದ ಕವಚವೇ ಇಲ್ಲದ ಮೊಪೆಡ್ಡಿನ ಮಾತನ್ನು ಹೇಳಬೇಕಾದುದಿಲ್ಲ.

ಹಾಗೆಂದು ಇತರರಿಗೆ ಅಪಾಯವಿಲ್ಲವೆಂದೂ ಅಲ್ಲ. 2019ರ ಏಪ್ರಿಲಿನಲ್ಲಿ ಜಪಾನಿನ ಟೋಕಿಯೋ ನಗರದ ಇಕೆಬುಕುರೊ ಎಂಬಲ್ಲಿ 87 ವಯಸ್ಸಿನ ಚಾಲಕರೊಬ್ಬರ ಕಾರು ನುಗ್ಗಿ, ಒಬ್ಬ ತಾಯಿಯೂ ಅವಳ ಮೂರು ವರ್ಷದ ಮಗಳೂ ಸತ್ತರು. ಕಾರೇ ಕೆಟ್ಟಿತ್ತೆಂದು ಚಾಲಕರು ವಾದಿಸಿದರು. ಬ್ರೇಕೆಂದು ತಿಳಿದು ಆಕ್ಸಿಲರೇಟರನ್ನು ತುಳಿದರೆಂದು ನ್ಯಾಯಾಲಯವು 2021ರಲ್ಲಿ ತೀರ್ಮಾನಿಸಿ, ಐದು ವರ್ಷಗಳ ಸೆರೆವಾಸವನ್ನು ವಿಧಿಸಿತು. ಆ ದೇಶದಲ್ಲಿ ಲೈಸೆನ್ಸನ್ನು ತಾವಾಗಿ ಮರಳಿಸುವ ಏರ್ಪಾಡು 1998ರಿಂದಲೇ ಇತ್ತು. 2019ರಲ್ಲಿ ಸುಮಾರು 6 ಲಕ್ಷ ಜನರು ಹಾಗೆ ಮರಳಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ 75 ದಾಟಿದವರು.

ಹಾಗಾದರೆ ಒಂದು ವಯಸ್ಸನ್ನು ಗೊತ್ತುಮಾಡಿ, ಎಲ್ಲ ಹಿರಿಯರನ್ನೂ ಪರೀಕ್ಷೆಗೆ ಗುರಿಪಡಿಸಿಬಿಟ್ಟರೆ ಸಾಲದೆ? ಇದಕ್ಕೆ ಫಿನ್ಲೆಂಡು ಮತ್ತು ಸ್ವೀಡನ್ನುಗಳ ಹೋಲಿಕೆಯು ಒಳ್ಳೆಯ ಪಾಠ. ಫಿನ್ಲೆಂಡಿನಲ್ಲಿ ಹಿರಿಯ ಚಾಲಕರಿಗೆ ವೈದ್ಯರ ಪರೀಕ್ಷೆ ಕಡ್ಡಾಯವಾಗಿತ್ತು, ಸ್ವೀಡನ್ನಿನಲ್ಲಿ ಇರಲಿಲ್ಲ. 1996ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿರಿಯರ ಕಾರು ಅಪಘಾತಗಳಲ್ಲಿ ಪರೀಕ್ಷೆಯಿಂದಾದ ಲಾಭವು ಕಾಣಲಿಲ್ಲ. ಅದಕ್ಕೆ ಬದಲಾಗಿ ಫಿನ್ಲೆಂಡಿನಲ್ಲಿ ನಡೆದುಹೋಗುವಾಗ, ಸೈಕಲ್ಲಿನಲ್ಲಿ ಹೋಗುವಾಗ ಸತ್ತ ಹಿರಿಯರ ಪ್ರಮಾಣವು ಹೆಚ್ಚಾಗಿತ್ತು. ಕಾರಿನಿಂದ ಇಳಿಸಿದ ಹಿರಿಯರು ಮನೆಯಲ್ಲಿ ಕೂರುವುದಿಲ್ಲ. ಅವರು ಅದೇ ರಸ್ತೆಗೆ ಕಾಲುನಡಿಗೆಯಲ್ಲಿ ಬರುತ್ತಾರೆ. ಗಾಡಿಯನ್ನು ಬಿಡಿಸುವವರು ಅದರ ಬದಲಿಗೆ ಏನನ್ನು ಕೊಡುತ್ತೇವೆಂದು ಮೊದಲೇ ಯೋಚಿಸಬೇಕು.

ಮೆಟ್ಟಿಲು ಮೆಟ್ಟಿಲಾಗಿ

ಗಾಡಿಯನ್ನು ಬಿಡುವುದು ಒಂದೇ ದಿನದ ಕೆಲಸವೆಂದು ತಿಳಿದುದರಿಂದಲೇ ಮನೆಮನೆಗಳಲ್ಲಿ ಜಗಳವಾಗುವುದು. ಮೇಲೆ ಹೇಳಿದ ವಿಚಾರಗಳನ್ನು ಒಟ್ಟುಗೂಡಿಸಿದರೆ, ಅದೊಂದು ಮೆಟ್ಟಿಲುಗಳ ದಾರಿಯೆಂದು ತೋರುತ್ತದೆ.

ಮೊದಲನೆಯ ಮೆಟ್ಟಿಲು ವೈದ್ಯರ ಬಾಗಿಲು. ಕುಂದಿದ್ದೆಲ್ಲವೂ ಹೋಗಿಯೇಬಿಟ್ಟಿತೆಂದಲ್ಲ. ಔಸ್ಲಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಇನ್ನೊಂದು ಸಂಶೋಧನೆಯಲ್ಲಿ, ಪೊರೆ ಬಂದಿದ್ದ ಚಾಲಕರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಅಪಘಾತಗಳು ಮಾಡಿಸಿಕೊಳ್ಳದವರವಕ್ಕಿಂತ ಸುಮಾರು ಅರ್ಧದಷ್ಟಿದ್ದುವು. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವು 1976ರಲ್ಲಿಯೇ ಆರಂಭವಾದ ನಮ್ಮ ದೇಶದಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯು ಬಡವರ ಕೈಗೂ ಎಟಕುತ್ತದೆ. ಕನ್ನಡಕದ ನಂಬರು, ಕಿವಿ, ರಕ್ತದ ಒತ್ತಡ ಇವುಗಳನ್ನೂ ನೋಡಿಸಬೇಕು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರಿಗೆ ಹೊತ್ತಿಗೆ ಸರಿಯಾಗಿ ಊಟವಿಲ್ಲದಿದ್ದರೆ ರಕ್ತದ ಸಕ್ಕರೆ ಇಳಿದು ಕಣ್ಣು ಕತ್ತಲಿಡಬಹುದು. ನೆಗಡಿಯ ಕೆಲವು ಮಾತ್ರೆಗಳೂ ನಿದ್ರೆಯ ಮಾತ್ರೆಗಳೂ ಮಾರನೆಯ ದಿನದವರೆಗೆ ಮಂಪರನ್ನು ಉಳಿಸುತ್ತವೆ. ಗಾಡಿ ನಡೆಸುವೆನೆಂದು ವೈದ್ಯರಿಗೆ ಮೊದಲೇ ಹೇಳುವುದು ಲೇಸು.

ಎರಡನೆಯ ಮೆಟ್ಟಿಲು ಇರುಳಿನ ಚಾಲನೆಯನ್ನು ಬಿಡುವುದು, ಸೂರ್ಯನು ಎದುರಿಗಿರುವ ಹೊತ್ತನ್ನೂ ತಪ್ಪಿಸುವುದು. ಮೂರನೆಯದು ಹೆದ್ದಾರಿಯನ್ನು ಬಿಟ್ಟು, ಹೊಲದ ದಾರಿ ಊರ ದಾರಿಗಳಿಗೆ ಮಾತ್ರ ಗಾಡಿಯನ್ನು ಇಟ್ಟುಕೊಳ್ಳುವುದು. ಕೊನೆಯದು ಕೀಲಿಯನ್ನು ಗೂಟಕ್ಕೆ ಹಾಕುವುದು. ಕೆಲವರಿಗೆ ಈ ಕೊನೆಯ ಮೆಟ್ಟಿಲು 65ಕ್ಕೇ ಬರಬಹುದು, ಕೆಲವರಿಗೆ 85ಕ್ಕೂ ಬಾರದಿರಬಹುದು. ವಯಸ್ಸಿನ ಅಂಕಿಗಿಂತ ಲಕ್ಷಣಗಳೇ ಇಲ್ಲಿ ನಂಬತಕ್ಕವು.

ಆ ಲಕ್ಷಣಗಳನ್ನು ಗುರುತಿಸುವುದು ಕಷ್ಟವಲ್ಲ. ಗೇಟಿಗೆ, ಕಟ್ಟೆಗೆ ತಾಗಿದ ಹೊಸ ಹೊಸ ಗೀರುಗಳು; ಎಲ್ಲರ ದೀಪವೂ ಈಗ ಬಹಳ ಪ್ರಖರವಾಗಿದೆಯೆಂಬ ದೂರು; ರಸ್ತೆಯ ಉಬ್ಬನ್ನು ಏರಿದ ಮೇಲೆ ಕಾಣುವುದು; ಹಿಂದಿನವರು ಮೇಲಿಂದ ಮೇಲೆ ಹಾರನ್ನು ಹೊಡೆಯುವುದು; ಬ್ರೇಕಿಗೂ ಆಕ್ಸಿಲರೇಟರಿಗೂ ಒಂದು ಸಲವಾದರೂ ತಪ್ಪುವುದು; ಸೊಸೆಯು ಕೂಸನ್ನು ಮುಂದೆ ಕೂರಿಸಲು ಏನಾದರೊಂದು ನೆಪ ಹೇಳುವುದು. ನಲವತ್ತು ವರ್ಷ ಓಡಾಡಿದ ದಾರಿಯಲ್ಲಿ ಒಮ್ಮೆ ದಿಕ್ಕು ತಪ್ಪಿದರಂತೂ ಅದು ಎಲ್ಲಕ್ಕಿಂತ ಗಂಭೀರವಾದ ಲಕ್ಷಣ. ಕೂಡಲೇ ಗಾಡಿಯನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಏಕೆಂದರೆ ಮರೆವಿನ ರೋಗವು ಮಿದುಳನ್ನು ಹೊಕ್ಕಾಗ, ತನಗೆ ಏನೋ ಆಗಿದೆಯೆಂಬ ಅರಿವನ್ನೇ ಅನೇಕರಿಂದ ಕಸಿದುಕೊಳ್ಳುತ್ತದೆ. ಅಂತಹವರು ತಾವಾಗಿ ಬಿಡಲಿ ಎಂದು ಕಾಯುವುದು ನ್ಯಾಯವಲ್ಲ.

ಇನ್ನು ಬದಲಿಯ ಮಾತು. ಮುತ್ಯಾನಿಗೆ ಮೊಪೆಡ್ಡು ಬರಿಯ ಯಂತ್ರವಲ್ಲ. ಅದು ಹೊಲ, ಔಷಧದ ಅಂಗಡಿ, ಗೆಳೆಯನ ಕಟ್ಟೆ, ಯಾರನ್ನೂ ಕೇಳದೆ ಹೋಗಿಬರುವ ಮರ್ಯಾದೆ. ಕೀಲಿಯನ್ನು ಕಸಿದುಕೊಂಡರೆ ಇವೆಲ್ಲವನ್ನೂ ಒಟ್ಟಿಗೆ ಕಸಿದುಕೊಂಡಂತೆ. ನಮ್ಮ ರಾಜ್ಯದ ಸಾರಿಗೆ ನಿಗಮಗಳ ಬಸ್ಸುಗಳಲ್ಲಿ 60 ದಾಟಿದವರಿಗೆ ದರದಲ್ಲಿ ನೂರಕ್ಕೆ 25 ರಿಯಾಯಿತಿ ಉಂಟು. ಹೆಂಗಸರಿಗೆ 2023ರ ಜೂನ್ 11ರಿಂದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣವೇ ಉಚಿತ. ಆದರೆ ಬಸ್ಸು ಕ್ರಾಸಿನಲ್ಲಿ ನಿಲ್ಲುತ್ತದೆ, ಮನೆಯ ಬಾಗಿಲಲ್ಲಿ ಅಲ್ಲ. ಕ್ರಾಸಿನಿಂದ ಮನೆಯವರೆಗಿನ ದಾರಿಯನ್ನು ತುಂಬಿಕೊಡಬೇಕಾದವರು ಮನೆಯವರು, ಅದರಲ್ಲಿಯೂ ಈ ಪತ್ರಿಕೆಯನ್ನು ಓದುವ ವಯಸ್ಸಿನವರು. ವಾರದಲ್ಲಿ ಎರಡು ದಿನ ಮುತ್ಯಾನನ್ನು ಅವರು ಹೇಳಿದಲ್ಲಿಗೆ ಕರೆದೊಯ್ಯುತ್ತೇನೆಂದು ಮೊದಲು ಮಾತುಕೊಟ್ಟು, ಅದನ್ನು ನಡೆಸಿಯೂ ತೋರಿಸಿ, ಆಮೇಲೆ ಕೀಲಿಯ ಮಾತನ್ನು ಎತ್ತಬೇಕು.

ಮೊದಲಿಗೆ ಒಂದು ಹಗಲು, ಅಂಗಳದಿಂದ 25 ಮೀಟರು, ಎಂದರೆ ಸುಮಾರು ಮೂವತ್ತೆರಡು ಹೆಜ್ಜೆ ಅಳೆದು, ಅಲ್ಲಿ ಗಾಡಿಯನ್ನು ನಿಲ್ಲಿಸಿ. ಕೆ.ಎ. 32ರಿಂದ ಆರಂಭವಾಗುವ ಆ ಫಲಕವನ್ನು ಮುತ್ಯಾ ಒಂದೊಂದು ಕಣ್ಣಿನಿಂದ ಓದಲಿ, ಮೊಮ್ಮಗನೂ ಓದಲಿ. ಅದೇ ಪರೀಕ್ಷೆಯನ್ನು ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೊಮ್ಮೆ ಮಾಡಿ. ಹಗಲಿನಲ್ಲಿ ಓದಿದ ಅಂಕೆಗಳು ಸಂಜೆ ಕಾಣದಾದರೆ ಯಾರೂ ವಾದಿಸಬೇಕಾದುದಿಲ್ಲ. ಒಂದು ಕೋಳಿಗೂ ತಾಗಿಸದೆ ನಲವತ್ತು ವರ್ಷ ಗಾಡಿ ನಡೆಸಿದವರಿಗೆ, ಯಾವಾಗ ನಿಲ್ಲಿಸಬೇಕೆಂಬುದನ್ನು ಫಲಕವೇ ಹೇಳುತ್ತದೆ. ಆ ಸಂಜೆಯಿಂದ ಹೊತ್ತು ಮುಳುಗುವ ಮೊದಲೇ ಅವರು ಮನೆಗೆ ಬಂದಿರುತ್ತಾರೆ. ಮುಂದಿನ ಮೆಟ್ಟಿಲನ್ನೂ ಅವರು ತಾವೇ ಇಳಿಯಲಿ. ಕೈ ಹಿಡಿಯಲು ಮೊಮ್ಮಗನು ಪಕ್ಕದಲ್ಲಿ ಇದ್ದರೆ ಸಾಕು.